ಹಸಿದ ಮನೆಯ ಜಿಂಕೆಮರಿ: 'ದಿ ಇಯರ್ಲಿಂಗ್' ಕಾದಂಬರಿಯ ಒಂದು ಓದು

ದಲಿತ ವಿಮರ್ಶೆ ಅಂದ ಕೂಡಲೆ ದಲಿತರು ಬರೆದದ್ದನ್ನು ಕುರಿತು ದಲಿತರು ಬರೆಯುವುದು ಎಂಬ ಸುಲಭದ ತಿಳುವಳಿಕೆಯೊಂದು ನಮ್ಮಲ್ಲಿ ಬೆಳೆದುಬಿಟ್ಟಿದೆ. ಈ ತಿಳುವಳಿಕೆಯಿಂದ ಅನುಕೂಲವೂ ಇದೆ, ಆದರೆ ಅದು ನಮಗಲ್ಲ. ಕೇರಿಯ ಪುಸ್ತಕವನ್ನು ಕೇರಿಯವರು ಓದಿಕೊಳ್ಳಲಿ, ಲೋಕದ ಮಿಕ್ಕ ಪುಸ್ತಕಗಳನ್ನು ನಾವು ನೋಡಿಕೊಳ್ಳುತ್ತೇವೆ ಎಂಬ ಹಂಚಿಕೆ ಇದು. ಊರಿನ ಬಾವಿ, ಕೇರಿಯ ಬಾವಿ ಇದ್ದ ಹಾಗೆ. ಈ ಹಂಚಿಕೆಯನ್ನು ಒಪ್ಪದ ಕಾರಣಕ್ಕೇ ನಾನು ಈ ಸಂಚಿಕೆಗೆ ಅಮೆರಿಕದ ಫ್ಲಾರಿಡಾದ ಒಂದು ಕಾದಂಬರಿಯನ್ನು ಆರಿಸಿಕೊಂಡಿದ್ದೇನೆ. ಹನ್ನೆರಡು ವರ್ಷದ ಒಬ್ಬ ಹುಡುಗ, ತಾಯಿ ಸತ್ತ ಒಂದು ಜಿಂಕೆಮರಿ, ಅವರಿಬ್ಬರ ಸಖ್ಯ. ಇಷ್ಟು ಕೇಳಿದರೆ ಇದರಲ್ಲಿ ನಮಗೇನಿದೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಓದಿ ಮುಗಿಸಿದ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಹೇಳೋದಕ್ಕೇ ಈ ಬರಹ.

ಮಾರ್ಜೊರಿ ಕಿನನ್ ರಾಲಿಂಗ್ಸ್ ಬರೆದ 'ದಿ ಇಯರ್ಲಿಂಗ್' ಪ್ರಕಟವಾದದ್ದು 1938ರಲ್ಲಿ. ಮರುವರ್ಷವೇ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. 1946ರಲ್ಲಿ ಗ್ರೆಗರಿ ಪೆಕ್ ತಂದೆಯ ಪಾತ್ರ ಮಾಡಿದ ಸಿನಿಮಾ ಆಯಿತು. ಹುಡುಗನೊಬ್ಬನ ಕಥೆ ಬರಿ ಎಂದು ಆಕೆಗೆ ಹೇಳಿದ್ದು ಪ್ರಸಿದ್ಧ ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್. ಆಕೆ ಬರೆದದ್ದು ಬರೀ ಮಕ್ಕಳಿಗಾಗಿ ಅಲ್ಲದಿದ್ದರೂ ಕ್ರಮೇಣ ಲೈಬ್ರರಿಗಳು ಅದನ್ನು ಮಕ್ಕಳ ಕಪಾಟಿಗೆ ಸೇರಿಸಿದವು. ಇಯರ್ಲಿಂಗ್ ಅಂದರೆ ಒಂದು ವರ್ಷ ತುಂಬಿದ ಪ್ರಾಣಿ. ಮರಿಯೂ ಅಲ್ಲ, ಬಲಿತದ್ದೂ ಅಲ್ಲ. ಹುಡುಗನೂ ಹಾಗೇ.

ಕಥೆ ನಡೆಯುವುದು 1870ರ ಸುಮಾರಿನಲ್ಲಿ, ಫ್ಲಾರಿಡಾದ ನಡುವಿನ ಕುರುಚಲು ಕಾಡಿನಲ್ಲಿ. ಪೆನ್ನಿ ಬ್ಯಾಕ್ಸ್‌ಟರ್ ಗಿಡ್ಡ ದೇಹದ ಬಡ ಬೇಸಾಯಗಾರ. ಅವನ ಹೆಂಡತಿ ಓರಿ ಅನೇಕ ಮಕ್ಕಳನ್ನು ಹೆತ್ತು ಮಣ್ಣು ಮಾಡಿದವಳು. ಉಳಿದವನು ಜೋಡಿ ಒಬ್ಬನೇ. ಒಂದು ದಿನ ಪೆನ್ನಿಗೆ ಬಾಲ ಗಲಗಲಿಸುವ ವಿಷದ ಹಾವು ಕಚ್ಚುತ್ತದೆ. ಅಲ್ಲೇ ಕಂಡ ಒಂದು ಹೆಣ್ಣು ಜಿಂಕೆಯನ್ನು ಹೊಡೆದು, ಅದರ ಬಿಸಿ ಈಲಿಯನ್ನು ಗಾಯಕ್ಕೆ ಒತ್ತಿ ವಿಷ ಎಳೆಸಿಕೊಂಡು ಅವನು ಬದುಕುತ್ತಾನೆ. ಆ ಜಿಂಕೆಯ ಮರಿ ತಬ್ಬಲಿಯಾಗುತ್ತದೆ. ಅಪ್ಪನ ಜೀವಕ್ಕೆ ಅದರ ತಾಯಿಯ ಜೀವ ಹೋಯಿತು, ಹಾಗಾಗಿ ಅದನ್ನು ಸಾಕುವುದು ನಮ್ಮ ಋಣ ಎಂದು ಹುಡುಗ ವಾದಿಸುತ್ತಾನೆ. ಅಪ್ಪ ಒಪ್ಪುತ್ತಾನೆ. ಪಕ್ಕದ ಫಾರೆಸ್ಟರ್ ಮನೆಯಲ್ಲಿ ಫಾಡರ್‌ವಿಂಗ್ ಎಂಬ ಅಂಗವಿಕಲ ಹುಡುಗನಿದ್ದಾನೆ. ಹಾರಬೇಕೆಂದು ಕೈಗೆ ಒಣಹುಲ್ಲು ಕಟ್ಟಿಕೊಂಡು ಕೊಟ್ಟಿಗೆಯ ಮಾಡಿನಿಂದ ಧುಮುಕಿದವನು ಅವನು. ಜಿಂಕೆಮರಿಗೆ ಫ್ಲ್ಯಾಗ್ ಎಂದು ಹೆಸರು ಆರಿಸಿದವನೂ ಅವನೇ. ಆ ಹೆಸರು ಜೋಡಿಗೆ ತಿಳಿಯುವ ಹೊತ್ತಿಗೆ ಅವನು ಸತ್ತುಹೋಗಿರುತ್ತಾನೆ.

ಮರಿ ಬೆಳೆಯುತ್ತದೆ. ಪೆನ್ನಿ ಮರದ ಬೊಡ್ಡೆ ಕೀಳಲು ಹೋಗಿ ಒಳಪೆಟ್ಟು ಮಾಡಿಕೊಂಡು ಹಾಸಿಗೆ ಹಿಡಿದಿದ್ದಾನೆ. ಹಿಂದಿನ ಮಳೆಗಾಲದ ಬಿರುಗಾಳಿಯಲ್ಲಿ ಬೆಳೆ ಕೊಚ್ಚಿಹೋಗಿದೆ. ಫ್ಲ್ಯಾಗ್ ಹೊಗೆಸೊಪ್ಪಿನ ಸಸಿ ಹಾಳು ಮಾಡುತ್ತದೆ. ಮುಸುಕಿನ ಜೋಳದ ಮೊಳಕೆ ತಿನ್ನುತ್ತದೆ. ಹುಡುಗ ಮತ್ತೆ ಬಿತ್ತುತ್ತಾನೆ, ಒಬ್ಬನೇ ಬೇಲಿ ಎತ್ತರಿಸುತ್ತಾನೆ. ಜಿಂಕೆಗೆ ಬೇಲಿ ಯಾವ ಲೆಕ್ಕ? ಅದು ಹಾರಿ ಬಂದು ಜೋಳ, ಅಲಸಂದೆ ಎಲ್ಲ ಮೇಯುತ್ತದೆ. ಕಾಡಿಗೆ ಕರೆದುಕೊಂಡು ಹೋಗಿ ಹೊಡೆದುಬಿಡು ಅಂತ ಅಪ್ಪ ಮಗನಿಗೇ ಹೇಳುತ್ತಾನೆ. ಮಗನ ಕೈಲಿ ಆಗುವುದಿಲ್ಲ. ತಾಯಿ ಬಂದೂಕು ಎತ್ತುತ್ತಾಳೆ. ಗುರಿ ಸರಿಯಿಲ್ಲದೆ ಮರಿ ಅರೆಜೀವವಾಗುತ್ತದೆ. ಕೊನೆಯ ಗುಂಡನ್ನು ಜೋಡಿಯೇ ಹೊಡೆಯಬೇಕಾಗುತ್ತದೆ. ಆಮೇಲೆ ಮನೆ ಬಿಟ್ಟು ಓಡುತ್ತಾನೆ. ದಾರಿಯಲ್ಲಿ ಹಸಿವು ಅಂದರೆ ಏನು ಅಂತ ಗೊತ್ತಾಗಿ ವಾಪಸು ಬರುತ್ತಾನೆ.

ಇದನ್ನು ಓದುವಾಗ ನನ್ನ ಬಾಲ್ಯದ ಒಂದು ಸಂಗತಿ ಎದುರಿಗೆ ಬಂದು ನಿಂತಿತು. ನನಗೆ ಎಂಟೋ ಒಂಬತ್ತೋ ವರ್ಷ. ಮಳೆ ಕೈಕೊಟ್ಟ ವರ್ಷ ಅದು. ಹುಲ್ಲು ಕೊಯ್ಯೋಕೆ ಹೋಗಿದ್ದ ಅವ್ವ ಗೌಡರ ಹೊಲದ ಬದುವಿನಿಂದ ಒಂದು ಮೊಲದ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಅಂಗೈ ಅಗಲ ಇತ್ತು. ನಾನು ಅದನ್ನು ಮಂಕರಿ ದಬ್ಬಾಕಿ ಇಟ್ಟುಕೊಂಡು, ಹುರುಳಿ ಸೊಪ್ಪು ತಿನ್ನಿಸಿ, ರಾತ್ರಿ ಪಕ್ಕದಲ್ಲೇ ಮಲಗಿಸಿಕೊಂಡು ಸಾಕತೊಡಗಿದೆ. ಮೂರನೇ ದಿನ ಅಜ್ಜಿ ಹೇಳಿದಳು: "ಅದ್ಕೆ ಹೆಸ್ರು ಮಡಗ್‌ಬ್ಯಾಡ ಕಣ್ಲಾ ಮೊಗ. ಹೆಸ್ರು ಮಡಗುದ್ರೆ ಆಮ್ಯಾಲೆ ಬಾಯ್ಗೆ ಇಳ್ಯಾಕಿಲ್ಲ." ಎರಡು ತಿಂಗಳ ನಂತರ ಒಂದು ಸಂಜೆ ಮಂಕರಿ ಖಾಲಿ ಇತ್ತು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

ಕಾಲೇಜಿಗೆ ಬಂದ ಮೇಲೆ ಸಾಹಿತ್ಯದ ಗೆಳೆಯರ ನಡುವೆ ಒಮ್ಮೆ ಈ ವಿಷಯ ಹೇಳಿದೆ. ಅವರೆಲ್ಲ ತಮ್ಮ ತಮ್ಮ ನಾಯಿ, ಗಿಳಿ, ಅಳಿಲುಗಳ ಬಗ್ಗೆ ಹೇಳುತ್ತಿದ್ದರು. ನನ್ನ ಸರದಿ ಬಂದಾಗ ಹೇಳಿದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. "ಅಯ್ಯೋ, ಸಾಕಿದ್ದನ್ನೇ ತಿಂದುಬಿಟ್ರಾ?" ಅಂತ ಒಬ್ಬರು ಕೇಳಿದರು. ಕೇಳಿದವರು ಕೆಟ್ಟವರಲ್ಲ. ಆದರೆ ಆವತ್ತಿನಿಂದ ಬಹಳ ವರ್ಷ ನಾನು ಆ ಮೊಲದ ಸುದ್ದಿ ಎತ್ತಲಿಲ್ಲ.

ಈಗ ಕಾದಂಬರಿಗೆ ಬರುತ್ತೇನೆ. ಇಂಥ ಕೃತಿಗಳಿಗೆ ನಮ್ಮ ನವ್ಯ ವಿಮರ್ಶೆ ಕಲಿಸಿಕೊಟ್ಟ ಒಂದು ಓದು ಸಿದ್ಧವಾಗಿಯೇ ಇದೆ: ಮುಗ್ಧತೆಯಿಂದ ಅನುಭವಕ್ಕೆ ನಡೆಯುವ ಪಯಣ, ಬಾಲ್ಯದ ಸಾವು, ಪ್ರಕೃತಿ ಮತ್ತು ಸಂಸ್ಕೃತಿಯ ಸಂಘರ್ಷ. ಈ ಮಾತುಗಳು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಈ ಓದಿನಲ್ಲಿ ಜೋಳ ಎಲ್ಲೂ ಕಾಣಿಸುವುದಿಲ್ಲ. ಜಿಂಕೆ ಮುಗ್ಧತೆಯ ಪ್ರತಿಮೆ ಆಗಿಬಿಟ್ಟ ಮೇಲೆ ಅದು ತಿಂದದ್ದೂ ಏನೋ ಒಂದು ಪ್ರತಿಮೆಯೇ ಆಗುತ್ತದೆ. ಹೊಟ್ಟೆ ತುಂಬಿದವನಿಗೆ ಜೋಳ ಪ್ರತಿಮೆ. ಬ್ಯಾಕ್ಸ್‌ಟರ್ ಮನೆಯವರಿಗೆ ಅದು ಮುಂದಿನ ವರ್ಷದ ರೊಟ್ಟಿ, ಕೋಳಿಯ ಕಾಳು, ಕುದುರೆಯ ಮೇವು. ರಾಲಿಂಗ್ಸ್ ಇದನ್ನು ಮರೆತಿಲ್ಲ. ಕಾದಂಬರಿಯ ಉದ್ದಕ್ಕೂ ಯಾರೋ ಒಬ್ಬರು ದವಸ ಎಷ್ಟಿದೆ, ಮಾಂಸ ಎಷ್ಟು ದಿನಕ್ಕೆ ಬರುತ್ತೆ, ಬೇಟೆಗೆ ಹೋದರೆ ಸಿಗುತ್ತಾ ಅಂತ ಲೆಕ್ಕ ಹಾಕುತ್ತಲೇ ಇರುತ್ತಾರೆ. ಪ್ರಾಣಿಪ್ರೀತಿಯ ಕಥೆಗಳಲ್ಲಿ ಸಾಮಾನ್ಯವಾಗಿ ಖಳನಾಯಕನೊಬ್ಬ ಬೇಕು, ಕ್ರೂರ ಬೇಟೆಗಾರನೋ ಮಲತಾಯಿಯೋ. ಇಲ್ಲಿ ಅಂಥ ಯಾರೂ ಇಲ್ಲ. ಮರಿಯನ್ನು ಸಾಕು ಅಂದ ಅಪ್ಪನೇ ಅದನ್ನು ಕೊಲ್ಲು ಅನ್ನುತ್ತಾನೆ. ಎರಡು ಸಲವೂ ಅವನು ಹೇಳಿದ್ದು ಸರಿಯಾಗೇ ಇದೆ. ಬಡವರ ಮನೆಯಲ್ಲಿ ಪ್ರೀತಿಗೂ ಪಾಲು ಹಾಕಬೇಕಾಗುತ್ತದೆ ಎಂಬ ಸತ್ಯವನ್ನು ಇಷ್ಟು ನೇರವಾಗಿ ಹೇಳಿದ ಮಕ್ಕಳ ಪುಸ್ತಕ ನನಗೆ ಇನ್ನೊಂದು ಸಿಕ್ಕಿಲ್ಲ.

ಇಲ್ಲಿ ತಾಯಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಓರಿಯನ್ನು ಕಲ್ಲು ಮನಸ್ಸಿನವಳು ಎಂದು ಓದುವುದು ಸುಲಭ. ಅಪ್ಪ ಮೃದು, ಅವ್ವ ಕಠಿಣ. ಆದರೆ ಮನೆಯ ಮಡಕೆಯ ತಳ ಯಾರ ಕಣ್ಣಿಗೆ ಮೊದಲು ಕಾಣುತ್ತೋ ಅವರು ಮೃದುವಾಗಿ ಇರೋದು ಕಷ್ಟ. ಪೆನ್ನಿ ಕಾಡಿನಲ್ಲಿ ಜಿಂಕೆ, ಕೊಕ್ಕರೆಗಳನ್ನು ನೋಡಿ ಮೈಮರೆಯಬಲ್ಲ. ಓರಿ ಮೂರು ಹೊತ್ತೂ ಒಲೆಯ ಮುಂದೆ ಇದ್ದಾಳೆ. ಸತ್ತ ಮಕ್ಕಳ ಗುಂಡಿಗಳು ಮನೆಯ ಹತ್ತಿರವೇ ಇವೆ. ಇನ್ನೊಂದು ಮರಿಗೆ ಮನಸ್ಸು ಕೊಡಲು ಅವಳು ಹೆದರುತ್ತಾಳೆ ಎಂದು ನಾನು ಓದಿಕೊಂಡೆ. ನನ್ನ ಅಜ್ಜಿಯ ಮಾತು ಅವಳ ಬಾಯಲ್ಲಿ ಇಟ್ಟಿದ್ದರೂ ಒಪ್ಪುತ್ತಿತ್ತು. ನಮ್ಮ ಕೇರಿಗಳಲ್ಲಿ ಇಂಥ ಓರಿಯರು ಮನೆಗೊಬ್ಬರು ಇದ್ದಾರೆ. ಅವರನ್ನು ನಾವೂ ನಮ್ಮ ಆತ್ಮಕಥೆಗಳಲ್ಲಿ ಒಂದೋ ದೇವತೆ ಮಾಡಿದ್ದೇವೆ, ಇಲ್ಲವೇ ಗಯ್ಯಾಳಿ ಮಾಡಿದ್ದೇವೆ.

ಇನ್ನೊಂದು ಸಂಗತಿ. ಈ ಕಾದಂಬರಿಯಲ್ಲಿ ಮೊದಲಿಂದ ಕೊನೆಯವರೆಗೆ ಜಿಂಕೆಗಳನ್ನು ಹೊಡೆಯುತ್ತಾರೆ, ತಿನ್ನುತ್ತಾರೆ. ಅದರ ಬಗ್ಗೆ ಯಾರಿಗೂ ಪಾಪಪ್ರಜ್ಞೆ ಇಲ್ಲ, ಜೋಡಿಗೂ ಇಲ್ಲ. ತಿನ್ನಲಾಗದ ಜಿಂಕೆ ಒಂದೇ, ಹೆಸರಿದ್ದದ್ದು. ಜೀವದಯೆ ಎಂಬುದು ಮಾಂಸ ತಿನ್ನದವರ ಸ್ವತ್ತು ಅಂತ ನಮಗೆ ಇಷ್ಟು ಕಾಲ ಪಾಠ ಹೇಳಿದ್ದಾರೆ. ತಿನ್ನುವವನಿಗೂ ದುಃಖ ಇರುತ್ತದೆ, ಆ ದುಃಖಕ್ಕೆ ಬೆಲೆಯೂ ಜಾಸ್ತಿ ಇರುತ್ತದೆ ಎಂದು ಈ ಪುಸ್ತಕ ಹೇಳುತ್ತದೆ. ಪೆನ್ನಿ ಅಗತ್ಯಕ್ಕಿಂತ ಹೆಚ್ಚು ಬೇಟೆಯಾಡುವುದನ್ನು ಒಪ್ಪುವುದಿಲ್ಲ. ಆ ವಿವೇಕ ಅವನಿಗೆ ಪುಸ್ತಕದಿಂದ ಬಂದದ್ದಲ್ಲ, ಕಾಡಿನ ಜೊತೆ ಬದುಕಿ ಬಂದದ್ದು.

ಇಷ್ಟು ದೂರ ನಾನು ಈ ಕಾದಂಬರಿಯ ಜೊತೆ ಸಂತೋಷದಿಂದ ಬಂದೆ. ಆಮೇಲೆ ಒಂದು ಕಡೆ ಕಾಲು ನಿಂತಿತು. ಬ್ಯಾಕ್ಸ್‌ಟರ್ ಮನೆಯ ಹಸಿವನ್ನು ದೇವನೂರರ 'ಒಡಲಾಳ'ದ ಸಾಕವ್ವನ ಮನೆಯ ಹಸಿವಿನ ಪಕ್ಕದಲ್ಲಿ ಇಟ್ಟು ನೋಡಿ. ಸಾಕವ್ವನಿಗೆ ಒಂದು ಹುಂಜ ಕಳೆದುಹೋದರೆ ಲೋಕವೇ ಕಳೆದುಹೋದಂತೆ. ಆ ಮನೆಯವರು ರಾತ್ರಿ ಕೂತು ಕದ್ದ ಕಡಲೆಕಾಯಿ ತಿಂದರೆ ಪೊಲೀಸರು ಬರುತ್ತಾರೆ. ಪೆನ್ನಿಯ ಮನೆಗೆ ಕರಡಿ ಬರುತ್ತದೆ, ತೋಳ ಬರುತ್ತದೆ, ಪ್ರವಾಹ ಬರುತ್ತದೆ. ಪೊಲೀಸು ಬರುವುದಿಲ್ಲ. ಯಾಕೆ ಅಂದರೆ ಪೆನ್ನಿಗೆ ನೆಲ ಇದೆ, ಫಾರೆಸ್ಟರ್‌ಗಳಿಂದ ಕೊಂಡದ್ದು. ಕೈಯಲ್ಲಿ ಬಂದೂಕು ಇದೆ. ಅವನು ಬಡವ ಹೌದು. ಆದರೆ ಅವನ ತಲೆಯ ಮೇಲೆ ಕಾಲಿಟ್ಟು ನಿಂತವರು ಯಾರೂ ಇಲ್ಲ. ಆ ನೆಲ ಖಾಲಿ ಇತ್ತೇ? ಇರಲಿಲ್ಲ. 1835ರಿಂದ 1842ರವರೆಗೆ ನಡೆದ ಎರಡನೆಯ ಸೆಮಿನೋಲ್ ಯುದ್ಧದಲ್ಲಿ ಆ ಸೀಮೆಯ ಮೂಲನಿವಾಸಿಗಳನ್ನು ಕೊಂದು, ಓಡಿಸಿ, ದೂರದ ಪಶ್ಚಿಮಕ್ಕೆ ಸಾಗಿಸಿದರು. ಯುದ್ಧ ಮುಗಿದ ವರ್ಷವೇ, ಬಂದೂಕು ಹಿಡಿದು ಬಂದು ನೆಲೆಸುವವರಿಗೆ ತಲಾ 160 ಎಕರೆ ಕೊಡುವ ಕಾನೂನು ಬಂತು. ಕಾಡು ಖಾಲಿಯಾದದ್ದು ಹೀಗೆ.

ಮುಂದಿನ ಪ್ರಶ್ನೆ ಇನ್ನೂ ಹತ್ತಿರದ್ದು. 1860ರ ಜನಗಣತಿಯ ಪ್ರಕಾರ ಫ್ಲಾರಿಡಾದ ಜನಸಂಖ್ಯೆ 1,40,424. ಅದರಲ್ಲಿ 61,745 ಜನ ಗುಲಾಮರು. ನೂರಕ್ಕೆ ನಲವತ್ತನಾಲ್ಕು ಮಂದಿ. ಪೆನ್ನಿ ನಾಲ್ಕು ವರ್ಷ ಯುದ್ಧಕ್ಕೆ ಹೋಗಿ ಬಂದವನು ಅಂತ ಕಾದಂಬರಿಯೇ ಹೇಳುತ್ತದೆ. ಆ ಯುದ್ಧ ನಡೆದದ್ದು ಈ ಗುಲಾಮಗಿರಿಯ ಪ್ರಶ್ನೆಯ ಮೇಲೆ. 1861ರಲ್ಲಿ ಫ್ಲಾರಿಡಾ ಒಕ್ಕೂಟದಿಂದ ಸಿಡಿದು ಹೋದದ್ದು ಗುಲಾಮಗಿರಿಯನ್ನು ಉಳಿಸಿಕೊಳ್ಳಲು. ಕಥೆ ನಡೆಯುವ ಹೊತ್ತಿಗೆ ಈ ಜನಕ್ಕೆ ಬಿಡುಗಡೆ ಸಿಕ್ಕಿ ಐದಾರು ವರ್ಷ ಆಗಿದೆ. ಅವರು ಎಲ್ಲಿ? ಈ ದೊಡ್ಡ ಕಾದಂಬರಿಯಲ್ಲಿ ಹಾವಿನ ಬಗ್ಗೆ, ಕರಡಿಯ ಬಗ್ಗೆ, ಬಿರುಗಾಳಿಯ ಬಗ್ಗೆ ಪುಟಗಟ್ಟಲೆ ವಿವರ ಇದೆ. ಕಥೆಯನ್ನು ಒಂದಿಷ್ಟಾದರೂ ತಿರುಗಿಸಬಲ್ಲ ಕಪ್ಪು ಪಾತ್ರ ಒಂದೂ ಇಲ್ಲ. ಕಾಡಿನ ಆ ಮೂಲೆಯಲ್ಲಿ ಅವರು ಕಡಿಮೆ ಇದ್ದರು ಅಂತ ಸಮಾಧಾನ ಹೇಳಬಹುದು. ಆದರೆ ಆ ಮೂಲೆಯನ್ನು ಆರಿಸಿಕೊಂಡದ್ದು ಲೇಖಕಿ. ಬಡತನವನ್ನು ಶುದ್ಧವಾಗಿ ತೋರಿಸಬೇಕಾದರೆ, ಇನ್ನೂ ಕೆಳಗೆ ಇರುವವರನ್ನು ಚೌಕಟ್ಟಿನಿಂದ ಆಚೆ ಇಡಬೇಕಾಗುತ್ತದೆ. ನಮ್ಮ ಗ್ರಾಮೀಣ ಕಾದಂಬರಿಗಳಲ್ಲಿ ಬಡ ಒಕ್ಕಲಿಗನ ಕಷ್ಟ ಹೇಳುವಾಗ ಅವನ ಮನೆಯ ಜೀತದಾಳು ಹೇಗೆ ಮಾಯವಾಗುತ್ತಾನೋ ಹಾಗೆ.

ಮಾಯವಾದವರು ಲೇಖಕಿಯ ಮನೆಯಲ್ಲೇ ಇದ್ದರು. ರಾಲಿಂಗ್ಸ್ ಹುಟ್ಟಿದ್ದು 1896ರಲ್ಲಿ, ವಾಷಿಂಗ್ಟನ್ ನಗರದಲ್ಲಿ. 1928ರಲ್ಲಿ ಫ್ಲಾರಿಡಾದ ಕ್ರಾಸ್ ಕ್ರೀಕ್ ಎಂಬಲ್ಲಿ ಕಿತ್ತಳೆ ತೋಟ ಕೊಂಡು ನೆಲೆಸಿದಳು. ಆ ತೋಟದ ಕೆಲಸ, ಮನೆಯ ಅಡುಗೆ ಮಾಡಿದವರಲ್ಲಿ ಬಹಳ ಮಂದಿ ಕಪ್ಪು ಜನ. 1940ರಿಂದ 1950ರವರೆಗೆ ಆಕೆಯ ಮನೆಯಲ್ಲಿ ಅಡುಗೆ ಮಾಡಿದವಳು ಐಡೆಲ್ಲಾ ಪಾರ್ಕರ್. 1942ರಲ್ಲಿ ರಾಲಿಂಗ್ಸ್ 'ಕ್ರಾಸ್ ಕ್ರೀಕ್' ಎಂಬ ನೆನಪಿನ ಪುಸ್ತಕ ಬರೆದಾಗ ಐಡೆಲ್ಲಾಳನ್ನು ಪರಿಪೂರ್ಣ ಕೆಲಸದವಳು ಎಂದು ಹೊಗಳಿದಳು. ಅದೇ ವರ್ಷ ಅಡುಗೆಯ ಪುಸ್ತಕವನ್ನೂ ಬರೆದಳು. ಅದರಲ್ಲಿ ಎಷ್ಟೋ ಅಡುಗೆ ತನ್ನ ಕೈಯದ್ದು, ತನ್ನ ಹೆಸರು ಹಾಕಿದ್ದು ಮೂರಕ್ಕೆ ಮಾತ್ರ ಎಂದು ಐಡೆಲ್ಲಾ ಆಮೇಲೆ ಬರೆದಳು. ಆಮೇಲೆ ಅಂದರೆ ಐವತ್ತು ವರ್ಷದ ಆಮೇಲೆ, 1992ರಲ್ಲಿ. ಆ ಹೊಗಳಿಕೆಯ ಮಾತನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿ ತನ್ನ ಪುಸ್ತಕಕ್ಕೆ ಹೆಸರಿಟ್ಟಳು. 'ಕ್ರಾಸ್ ಕ್ರೀಕ್'ನಲ್ಲಿ ತನ್ನನ್ನು ಕೆಟ್ಟದಾಗಿ ಚಿತ್ರಿಸಿದ್ದಾಳೆ ಎಂದು ಬಿಳಿಯ ನೆರೆಯವಳೊಬ್ಬಳು ಕೋರ್ಟಿಗೆ ಹೋದಳು. 1947ರಲ್ಲಿ ಫ್ಲಾರಿಡಾದ ಸುಪ್ರೀಂ ಕೋರ್ಟು ಆಕೆಯ ಕಡೆಗೆ ತೀರ್ಪು ಕೊಟ್ಟಿತು, ಪರಿಹಾರ ಬರೀ ಒಂದು ಡಾಲರ್. ಅಡುಗೆಮನೆಯವಳಿಗೆ ಆ ಒಂದು ಡಾಲರಿನ ಕೋರ್ಟೂ ಇರಲಿಲ್ಲ.

ಐಡೆಲ್ಲಾ ಹೇಳುವ ಒಂದು ಪ್ರಸಂಗ ನನ್ನನ್ನು ಬಿಟ್ಟಿಲ್ಲ. ಕಪ್ಪು ಲೇಖಕಿ ಝೋರಾ ನೀಲ್ ಹರ್ಸ್‌ಟನ್ ಒಂದು ಸಲ ಕ್ರಾಸ್ ಕ್ರೀಕ್‌ಗೆ ಬರುತ್ತಾಳೆ. 1937ರಲ್ಲೇ ದೊಡ್ಡ ಕಾದಂಬರಿ ಪ್ರಕಟಿಸಿದ್ದ, ಓದಿದ, ಊರೂರು ತಿರುಗಿದ ಹೆಣ್ಣು. ಇಬ್ಬರು ಲೇಖಕಿಯರೂ ದಿನವಿಡೀ ಕೂತು ಕುಡಿದು, ನಕ್ಕು, ಮಾತಾಡುತ್ತಾರೆ. ರಾತ್ರಿಯಾಗುತ್ತದೆ. ಮನೆಯಲ್ಲಿ ಖಾಲಿ ಕೋಣೆಗಳಿವೆ. ಹರ್ಸ್‌ಟನ್‌ಳನ್ನು ಮಲಗಲು ಕಳಿಸಿದ್ದು ಹಿಂದಿನ ಆಳುಗಳ ಮನೆಗೆ, ಐಡೆಲ್ಲಾಳ ಜೊತೆಗೆ.

ತಬ್ಬಲಿ ಜಿಂಕೆಮರಿ ಮನೆಯೊಳಗೆ ಬರಬೇಕೋ ಬೇಡವೋ ಎಂಬುದಕ್ಕೆ ಅಷ್ಟು ಪುಟ ಬರೆದ ಕೈ ಅದು.

ನ್ಯಾಯವಾಗಿ ಹೇಳಬೇಕಾದರೆ, ರಾಲಿಂಗ್ಸ್ ಅಲ್ಲೇ ನಿಂತವಳಲ್ಲ. ಮುಂದಿನ ವರ್ಷಗಳಲ್ಲಿ ಆಕೆ ವರ್ಣಭೇದದ ವಿರುದ್ಧ ಮನಸ್ಸು ಬದಲಿಸಿಕೊಂಡಳು. ಆಕೆಯ ಪತ್ರಗಳಲ್ಲಿ ಈ ತಳಮಳ ಇದೆ. ಹರ್ಸ್‌ಟನ್ ಆಕೆಯನ್ನು ದ್ವೇಷಿಸಲೂ ಇಲ್ಲ, ಗೆಳೆತನ ಉಳಿಯಿತು. ಆಕೆಯನ್ನು ರಾಕ್ಷಸಿ ಮಾಡಿ ಪುಸ್ತಕವನ್ನು ಸುಟ್ಟುಹಾಕುವ ವಿಮರ್ಶೆ ನನಗೆ ಬೇಕಿಲ್ಲ. ಅದು ಸುಲಭದ್ದು. ನಾನೂ ಒಮ್ಮೆ ಪ್ರಗತಿಪರರೊಬ್ಬರ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಅಂಬೇಡ್ಕರ್ ಬಗ್ಗೆ ಚರ್ಚೆ ಮಾಡಿ, ಕಾಫಿ ಕುಡಿದು, ಮಲಗೋ ಹೊತ್ತಿಗೆ "ನಿಮಗೆ ಹಾಸ್ಟೆಲ್ಲೇ ಅನುಕೂಲ ಅಲ್ವಾ" ಅನ್ನಿಸಿಕೊಂಡು ನಡೆದು ಬಂದವನು. ಆ ಮನೆಯವರ ಪ್ರೀತಿ ಸುಳ್ಳಾಗಿರಲಿಲ್ಲ. ಪ್ರೀತಿಗೆ ಗಡಿಯಾರ ಇತ್ತು, ಅಷ್ಟೆ. ಹಾಗಾಗಿ ನನ್ನ ಪ್ರಶ್ನೆ ರಾಲಿಂಗ್ಸ್ ಒಳ್ಳೆಯವಳೋ ಕೆಟ್ಟವಳೋ ಎಂಬುದಲ್ಲ. ಕಾಡುಪ್ರಾಣಿಯ ತನಕ ಚಾಚಬಲ್ಲ ಸಂವೇದನೆ ಅಡುಗೆಮನೆಯ ಹೊಸ್ತಿಲಲ್ಲಿ ಯಾಕೆ ನಿಲ್ಲುತ್ತದೆ ಎಂಬುದು ಪ್ರಶ್ನೆ. ನನ್ನ ಗ್ರಹಿಕೆ ಇಷ್ಟು: ಪ್ರಾಣಿಯನ್ನು ಪ್ರೀತಿಸುವವನು ಅದಕ್ಕೆ ಲೆಕ್ಕ ಒಪ್ಪಿಸಬೇಕಿಲ್ಲ. ಜಿಂಕೆ ಪುಸ್ತಕ ಬರೆಯುವುದಿಲ್ಲ. ಐಡೆಲ್ಲಾ ಬರೆದಳು.

ಹಾಗಾದರೆ ಈ ಕಾದಂಬರಿಯನ್ನು ನಮ್ಮ ಮಕ್ಕಳಿಗೆ ಕೊಡಬೇಕೋ ಬೇಡವೋ? ಕೊಡಬೇಕು ಅಂತ ನಾನು ಹೇಳುತ್ತೇನೆ. ಕನ್ನಡಕ್ಕೆ ತರುವುದಾದರೆ ಶಿಷ್ಟ ಗ್ರಂಥಭಾಷೆಗೆ ತರಬಾರದು. ಮೂಲದಲ್ಲಿ ಪೆನ್ನಿ, ಓರಿ ಆಡುವುದು ಪಟ್ಟಣದವರು ನಗುವ, ಬಡ ಬಿಳಿಯರ ಒರಟು ಮಾತು. ಅವರಿಗೆ ಕೇರಿಯ ಮಾತನ್ನೇ ಕೊಡಬೇಕು. ಜೊತೆಗೆ ಐಡೆಲ್ಲಾಳ ಪುಸ್ತಕವನ್ನೂ ತರಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಎರಡೂ ಪೂರ್ತಿಯಾಗುತ್ತವೆ. ಕಪ್ಪು ಜನರ ಬರಹದ ಜೊತೆ ನಮಗಿರುವ ನಂಟು ಹೊಸದೇನಲ್ಲ. 1946ರಲ್ಲೇ ಬಾಬಾಸಾಹೇಬರು ಡು ಬಾಯ್ಸ್ ಅವರಿಗೆ ಪತ್ರ ಬರೆದು ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕಪ್ಪು ಜನರ ಸ್ಥಿತಿಗೂ ಇರುವ ಹೋಲಿಕೆ ಹೇಳಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರಿನಿಂದಲೇ ದಲಿತ ಪ್ಯಾಂಥರ್ಸ್ ಕಟ್ಟಿದರು. ಆದರೆ ನಾವು ಹೋರಾಟಗಾರರನ್ನು ಓದಿದಷ್ಟು ಅಡುಗೆಯವರನ್ನು ಓದಿಲ್ಲ. ಘೋಷಣೆ ಓದಿದಷ್ಟು ಸಾರಿನ ಲೆಕ್ಕ ಓದಿಲ್ಲ. ಇದು ನಮ್ಮ ಕೊರತೆ.

ಕೊನೆಗೆ ಮೊಲದ ವಿಷಯ. ಜೋಡಿ ವಾಪಸು ಬಂದಾಗ ಅವನಿಗೆ ಅಪ್ಪ ಇದ್ದಾನೆ, ಅವನ ಜೊತೆ ಕೂತು ಬದುಕಿನ ಬಗ್ಗೆ ಮಾತಾಡುತ್ತಾನೆ. ನನ್ನ ಜೊತೆ ಯಾರೂ ಕೂತು ಮಾತಾಡಲಿಲ್ಲ. ಮಾರನೇ ದಿನ ಎಲ್ಲರಿಗೂ ಕೂಲಿಗೆ ಹೋಗೋದಿತ್ತು. ಅಜ್ಜಿ ಬೇಡ ಅಂದಿದ್ದರೂ ನಾನು ಗುಟ್ಟಾಗಿ ಅದಕ್ಕೊಂದು ಹೆಸರಿಟ್ಟಿದ್ದೆ, ಕೆಂಚ ಅಂತ. ಹೆಸರಿಟ್ಟರೆ ಬಾಯಿಗೆ ಇಳಿಯಲ್ಲ ಅಂದಿದ್ದಳು ಅಜ್ಜಿ. ಆ ರಾತ್ರಿ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟೆ.

ಇಳಿಯಿತು. ಎರಡನೇ ಸಲ ಸಾರು ಹಾಕಿಸಿಕೊಂಡೆ. ಇಷ್ಟು ವರ್ಷ ನಾಚಿಕೆಪಟ್ಟದ್ದು ಇದಕ್ಕೇ. ಈ ಪುಸ್ತಕ ಓದಿದ ಮೇಲೆ ನಾಚಿಕೆ ಹೋಯಿತು, ದುಃಖ ಹಾಗೇ ಇದೆ.